ಹಂಡೆಯ ಕೊನೆಯ ಸರದಿ

ಹೊಳೆದಂಡೆಯ ಆ ಮಠದಲ್ಲಿ ಜಳಕಕ್ಕೆ ಸರದಿ ಇತ್ತು. ಮೊದಲು ಗುರುಗಳಾದ ಅಜ್ಜಾರು, ಆಮೇಲೆ ಹಿರಿಯ ಶಿಷ್ಯ ಮುರಿಗೆಪ್ಪ, ಅವನ ಹಿಂದೆ ಉಳಿದವರು. ಕಟ್ಟಿಗೆ ಹೊತ್ತು ತಂದು, ನಸುಕಿನಲ್ಲಿ ಎದ್ದು ಹಂಡೆಗೆ ಉರಿ ಹಾಕುವ ದ್ಯಾಮವ್ವ ಎಲ್ಲರಿಗಿಂತ ಕೊನೆ. ಅವಳೂ ಪಾಠ ಕೇಳಲೆಂದೇ ಬಂದ ಶಿಷ್ಯೆ. ಕಡೆಗೆ ಬಂದು ಸೇರಿದ್ದರಿಂದ ಕಡೆಯ ಸರದಿ.

ಬಿಸಿನೀರು ತೋಡಿಕೊಂಡವರು ಅಷ್ಟೇ ತಣ್ಣೀರನ್ನು ಹಂಡೆಗೆ ಸುರಿಯಬೇಕು ಎಂಬುದು ಅಲ್ಲಿನ ಪದ್ಧತಿ. ಎಲ್ಲರೂ ತಪ್ಪದೆ ಸುರಿಯುತ್ತಿದ್ದರು. ದ್ಯಾಮವ್ವನ ಸರದಿ ಬರುವಾಗ ಹಂಡೆ ತುಂಬಿರುತ್ತಿತ್ತು, ಅವಳು ತಂದ ಹೊರೆ ಕಟ್ಟಿಗೆ ಬೂದಿಯಾಗಿರುತ್ತಿತ್ತು.

ಎಲ್ಲರ ಜಳಕ ಮುಗಿದ ಮೇಲೆ ಅಜ್ಜಾರು ಬೆಚ್ಚಗೆ ಕಂಬಳಿ ಹೊದ್ದು ಪಾಠಕ್ಕೆ ಕೂರುತ್ತಿದ್ದರು. ಆ ಚಳಿಗಾಲದ ಪಾಠ ಒಂದೇ: ಬಲ್ಲವನಿಗೆ ಬಿಸಿಯೂ ತಂಪೂ ಒಂದೇ. ಮುರಿಗೆಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದ. ಅವನೊಬ್ಬನಿಗೇ ಅರ್ಧ ಹಂಡೆ ಬೇಕಾಗುತ್ತಿತ್ತು.

ಒಂದು ಬೆಳಗ್ಗೆ ಅಜ್ಜಾರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರು. ಒಲೆ ತಣ್ಣಗಿತ್ತು. ಅದರ ಮುಂದೆ ದ್ಯಾಮವ್ವ ಕೂತಿದ್ದಳು, ಪಕ್ಕದಲ್ಲಿ ಅವಳ ಬಟ್ಟೆಯ ಗಂಟು.

“ಉರಿ ಹಾಕಿಲ್ಲೇನವ್ವಾ?”

“ಇಲ್ರಿ ಅಜ್ಜಾರ.”

“ಮರ್ತೆಯೇನು?”

“ಮರ್ತಿಲ್ರಿ. ಹಾಕಂಗಿಲ್ಲ.”

ಹಿಂದೆ ನಿಂತಿದ್ದ ಮುರಿಗೆಪ್ಪ ಮುಂದೆ ಬಂದ. “ಯಾರ ಮುಂದ ಮಾತಾಡಾಕತ್ತಿ ಅನ್ನೋದು ಗೊತ್ತೈತೇನು?”

“ಗೊತ್ತೈತ್ರಿ. ಬಿಸಿ ತಂಪು ಎರಡೂ ಒಂದ ಅಂತ ದಿನಾ ಹೇಳಾವ್ರ ಮುಂದ. ಒಂದ ಆದಮ್ಯಾಲೆ ಕಟಗಿ ಯಾಕ ಸುಡಬೇಕ್ರಿ? ಹಂಡೇದಾಗ ನೀರೈತಿ, ಹೊಯ್ಕೊಳ್ರಿ.”

ಮುರಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಅಜ್ಜಾರ, ಇಕಿನ್ನ ಹೊರಗ ಹಾಕ್ರಿ. ಸೇವಾ ಅಂದ್ರ ಏನಂತ ಇಕಿಗೆ ತಿಳಿದಿಲ್ಲ.”

“ತಿಳಿದೈತಿ. ಹೊರಿ ನನ್ನ ತಲಿ ಮ್ಯಾಲೆ, ಬಿಸಿನೀರು ನಿಮ್ಮ ತಲಿ ಮ್ಯಾಲೆ. ಗಂಟು ಕಟ್ಟೇ ಕುಂತೀನಿ. ಹೋಗಂದ್ರ ಹೋಗ್ತೀನಿ. ಉರಿ ಹಾಕಂದ್ರ ಹಾಕಂಗಿಲ್ಲ.”

ದ್ಯಾಮವ್ವ ಕೂತಲ್ಲಿಂದ ಕದಲಲಿಲ್ಲ. ಕೈ ಮಾತ್ರ ಗಂಟನ್ನು ಬಿಗಿಯಾಗಿ ಹಿಡಿದಿತ್ತು. ಇಲ್ಲಿಂದ ಹೋದರೆ ಅವಳಿಗೆ ಪಾಠ ಹೇಳುವವರು ಬೇರೆ ಯಾರೂ ಇರಲಿಲ್ಲ.

ಅಜ್ಜಾರು ಬಚ್ಚಲಿಗೆ ಹೋದರು. ಉಟ್ಟ ಪಂಚೆಯಲ್ಲೇ ಕೂತು, ಹಂಡೆಯಿಂದ ಒಂದು ತಂಬಿಗೆ ತೋಡಿ ನೆತ್ತಿಗೆ ಸುರಿದುಕೊಂಡರು. ತಂಬಿಗೆ ಕೈಜಾರಿ ಬಿತ್ತು. ಹಲ್ಲು ಕಟಕಟ ಎಂದವು. ಮುರಿಗೆಪ್ಪ ಕಂಬಳಿ ಹಿಡಿದು ಓಡಿ ಬಂದ. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

“ದ್ಯಾಮವ್ವಾ, ದಿನಾ ನಿನಗ ಹಿಂಗ ಇರತೈತೇನು?”

“ಇವತ್ತ ಬೆಚ್ಚಗೈತ್ರಿ. ಇದು ರಾತ್ರಿ ಎಲ್ಲಾ ಒಳಗಿದ್ದ ನೀರು. ನನಗ ಸಿಗೋದು ಆಗಿಂದಾಗ ಹೊಳಿಯಿಂದ ತಂದದ್ದು.”

ಆ ದಿನ ಪಾಠ ನಡೆಯಲಿಲ್ಲ. ಗಂಟು ಬಿಚ್ಚು ಎಂದು ಅಜ್ಜಾರು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ರಾತ್ರಿ ದ್ಯಾಮವ್ವ ಗಂಟಿನ ಮೇಲೆಯೇ ತಲೆಯಿಟ್ಟು ಮಲಗಿದಳು.

ಮರುದಿನ ಅವಳು ಏಳುವ ಮೊದಲೇ ಒಲೆ ಉರಿಯುತ್ತಿತ್ತು. ಅಜ್ಜಾರು ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದರು. ಹೊಗೆಗೆ ಕಣ್ಣು ಕೆಂಪಾಗಿದ್ದವು, ಗಡ್ಡದಲ್ಲಿ ಬೂದಿ.

“ಹೋಗವ್ವಾ, ನೀ ಮೊದಲ.”

ದ್ಯಾಮವ್ವ ಬೇಡ ಅನ್ನಲಿಲ್ಲ, ಕಾಲಿಗೂ ಬೀಳಲಿಲ್ಲ. ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ತಂಬಿಗೆಯ ಮೇಲೆ ತಂಬಿಗೆ ಸುರಿಯುವ ಸದ್ದು ನಿಲ್ಲಲೇ ಇಲ್ಲ.

ಹೊರಗೆ ಮುರಿಗೆಪ್ಪ ಚಳಿಗೆ ಕಾಲು ಬದಲಿಸುತ್ತ ನಿಂತಿದ್ದ. “ಅಜ್ಜಾರ, ಇಕಿ ಹಂಡೇನ ಖಾಲಿ ಮಾಡ್ತಾಳ.”

“ಮಾಡ್ಲಿ.”

“ಮತ್ತ ಪಾಠ ಯಾವಾಗ್ರಿ? ಬಿಸಿ ತಂಪು ಒಂದ ಅನ್ನೋದು ಅರ್ಧಕ್ಕ ನಿಂತೈತಿ.”

ಅಜ್ಜಾರು ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದರು.

“ಇನ್ನಮ್ಯಾಲೆ ಕಡೀ ಸರದಿ ನಂದು. ಜಳಕಾ ಮುಗಿಸಿ ಬರ್ತೀನಿ. ಆವಾಗೂ ಆ ಮಾತು ಬಾಯಿಗೆ ಬಂದ್ರ ಹೇಳ್ತೀನಿ.”