ಪೈಲ್ವಾನನ ಪಾದ

ಕರಿಹಳ್ಳದ ದಂಡೆಯ ಮಠದಲ್ಲಿ ದಾಸೋಹದ ಜೋಳವನ್ನು ಪರಮಪೂಜ್ಯ ಪರ್ವತಲಿಂಗ ಶಿವಯೋಗಿಗಳವರು ತಾವೇ ಹಸನು ಮಾಡುತ್ತಿದ್ದರು. ಪೀಠವೇರಿ ದರ್ಶನ ಕೊಡುವುದು ಅವರಿಗೆ ಒಗ್ಗದು. ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತಲ್ಲೇ ಭಕ್ತರ ಸುಖದುಃಖ ಕೇಳುವರು. ಒಂದು ಮುಂಜಾನೆ ಅಲ್ಲಿಗೆ ಕುಂಟುತ್ತ ಬಂದವನು ಪೈಲ್ವಾನ ಮಹಾರುದ್ರಪ್ಪ.

ಸುತ್ತಿನ ಊರುಗಳಲ್ಲಿ ಅವನ ಬೆನ್ನನ್ನು ಮಣ್ಣಿಗೆ ಹಚ್ಚಿದವರಿರಲಿಲ್ಲ. ಅಂಗಾಲಿಗಾದ ಸಣ್ಣ ಗಾಯವೊಂದು ಮಾಯದೆ ಹೋದಾಗ ತಾಲೂಕು ಆಸ್ಪತ್ರೆಯ ಡಾಕ್ಟರು ರಕ್ತ ಪರೀಕ್ಷಿಸಿ, ಇದು ಸಕ್ಕರೆ ಕಾಯಿಲೆ ಎಂದಿದ್ದರು. ಅವನ ತಂದೆ ಇದೇ ರೋಗದಿಂದ ಕಾಲು ಕಳೆದುಕೊಂಡು, ಯಾರಿಗೂ ಮುಖ ತೋರಿಸದೆ ಮೂಲೆ ಹಿಡಿದು ತೀರಿಹೋಗಿದ್ದರು. ಮಹಾರುದ್ರಪ್ಪ ಮಡದಿ ನಿಂಬೆವ್ವಳಿಗೂ ವಿಷಯ ಹೇಳಲಿಲ್ಲ. ಗುಳಿಗೆಗಳನ್ನು ಗರಡಿಮನೆಯಲ್ಲಿ ಬಚ್ಚಿಟ್ಟು, ಗಾಯಕ್ಕೆ ಮಠದ ವಿಭೂತಿ ಒತ್ತಿ ಬಟ್ಟೆ ಸುತ್ತಿಕೊಂಡ. ಆ ವಿಭೂತಿ ತೀರಿದ್ದರಿಂದ ಮತ್ತಷ್ಟು ಬೇಡಲು ಬಂದಿದ್ದ.

ಅವನ ಬಾಯಿಂದಲೇ ಎಲ್ಲವನ್ನೂ ಕೇಳಿದ ಶಿವಯೋಗಿಗಳವರು ಮೊರ ಬದಿಗಿಟ್ಟು, ಕಟ್ಟು ಬಿಚ್ಚಲು ಹೇಳಿದರು. ಕಾಯಿಸಿ ಆರಿಸಿದ ನೀರು ತರಿಸಿ ಅವನ ಪಾದಕ್ಕೆ ಕೈ ಚಾಚಿದಾಗ ಮಹಾರುದ್ರಪ್ಪ ಹೌಹಾರಿ ಕಾಲು ಹಿಂದಕ್ಕೆಳೆದ. ಗುರುಗಳು ಶಿಷ್ಯನ ಕಾಲು ಮುಟ್ಟುವುದುಂಟೆ, ತನಗೆ ನರಕವೇ ಗತಿ ಎಂದು ಅಂಗಲಾಚಿದ. ಅವರು ಬಿಡಲಿಲ್ಲ. ಲಿಂಗಕ್ಕೆ ಅಭಿಷೇಕ ಮಾಡುವಷ್ಟೇ ನಿಧಾನವಾಗಿ ಗಾಯ ತೊಳೆದು, ಹೆಪ್ಪುಗಟ್ಟಿದ ಬೂದಿಯನ್ನೆಲ್ಲ ತೆಗೆದು, ಮಡಿಬಟ್ಟೆಯಿಂದ ಒರೆಸಿದರು. ಕೀವಿನ ವಾಸನೆಗೆ ಸುತ್ತಲಿದ್ದವರು ಮೂಗು ಮುಚ್ಚಿಕೊಂಡರೂ ಅವರ ಮುಖ ಕಂದಲಿಲ್ಲ. ಬಳಿಕ ಚಿಟಿಕೆ ವಿಭೂತಿ ತೆಗೆದು ಅವನ ಹಣೆಗೆ ಹಚ್ಚಿದರು.

“ವಿಭೂತಿ ಹಣಿಗೆ, ಮದ್ದು ಗಾಯಕ್ಕ. ದಿನಾ ಈ ಪಾದ ತೊಳದು ನೋಡಿಕೊ. ಅದೂ ಪೂಜೀನ.”

ಮಹಾರುದ್ರಪ್ಪ ತಲೆಯೆತ್ತಿ ಕೇಳಿದ. “ಅಜ್ಜಾರ, ನಮ್ಮಪ್ಪನ ಗತೀನ ನನಗೂ ಬರತೈತೇನ್ರಿ?”

“ನಿಮ್ಮಪ್ಪ ಯಾರಿಗೂ ಹೇಳಲಿಲ್ಲ. ನೀ ಹೇಳಿದಿ,” ಎಂದರು ಶಿವಯೋಗಿಗಳವರು.

ಅಷ್ಟೇ ಮಾತು. ಮಠದ ಬಂಡಿ ಹೂಡಿಸಿ ಆಸ್ಪತ್ರೆಗೆ ಕಳಿಸಿಕೊಟ್ಟರು. ಡಾಕ್ಟರು ಗಾಯವನ್ನು ತಿರುಗಿಸಿ ನೋಡಿ, ಎಲುಬಿಗೆ ತಾಗಿಲ್ಲ, ಗುಳಿಗೆ ತಪ್ಪಿಸದೆ ಪಥ್ಯದಲ್ಲಿದ್ದರೆ ಕಾಲಿಗೆ ಭಯವಿಲ್ಲ ಎಂದರು. ಮರಳುವ ದಾರಿಯುದ್ದಕ್ಕೂ ಅವನು ಬಂಡಿಯಲ್ಲಿ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಬಂದ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಉರುಳಿಹೋದಂತಾಗಿತ್ತು.

ಮನೆಯ ಹೊಸ್ತಿಲಲ್ಲಿ ನಿಂತೇ ನಿಂಬೆವ್ವಳಿಗೆ ಎಲ್ಲವನ್ನೂ ಹೇಳಿಬಿಟ್ಟ. ಆಕೆ ಅಳಲಿಲ್ಲ.

“ಏನೋ ಐತಿ ಅಂತ ನನಗ ಮೊದಲ ಗೊತ್ತಿತ್ತು. ನೀವ ಬಾಯಿಬಿಟ್ಟು ಹೇಳಲಿ ಅಂತ ಕಾಯಾಕತ್ತಿದ್ದೆ. ಬರ್ರಿ, ಬಿಸಿ ರೊಟ್ಟಿ ಅದಾವ,” ಎಂದು ಭುಜ ಕೊಟ್ಟಳು.

ಗುರುಕರುಣೆ ಹೀಗೂ ಒಲಿಯುವುದುಂಟು. ಆವರೆಗೆ ಯಾರ ಆಸರೆಯನ್ನೂ ಬೇಡದಿದ್ದ ಆ ಜಟ್ಟಿ, ಮಡದಿಯ ಹೆಗಲ ಮೇಲೆ ಭಾರವೆಲ್ಲ ಹಾಕಿ ನಿರಾಳವಾಗಿ ಒಳಗೆ ನಡೆದ.