ಕಾಗೆ ಬಳಗದ ವಾರ್ಷಿಕ ಕೂಟ

ಬಳಗದವರೆಲ್ಲ ವರ್ಷಕ್ಕೊಮ್ಮೆಯಾದರೂ ಒಬ್ಬರ ಮುಖ ಒಬ್ಬರು ನೋಡಲಿ ಎಂದು ಅಜ್ಜಿ ಕಾಗೆಯೊಂದು ಯುಗಾದಿಯ ಮರುದಿನ ಆಲದ ಮರದಲ್ಲಿ ಕೂಟ ಕರೆಯಿತು. ಮೊದಲ ವರ್ಷ ಅರವತ್ತು ಕಾಗೆಗಳು ಬಂದವು. ಕೊಕ್ಕಿಗೆ ಕೊಕ್ಕು ತಾಗಿಸಿ ಕಣ್ಣೀರಿಟ್ಟು, "ಇನ್ನು ಪ್ರತಿವರ್ಷ ಸೇರಲೇಬೇಕು" ಎಂದು ಆಣೆ ಮಾಡಿದವು. ಎರಡನೆಯ ವರ್ಷ ಮೇಲಿನ ಕೊಂಬೆ ಯಾರಿಗೆಂದು ಜಗಳವಾಡಿ, ಊಟಕ್ಕೆ ಮೊದಲೇ ಎದ್ದು ಹೋದವು. ಮೂರನೆಯ ವರ್ಷ ಬಂದದ್ದು ಒಂದೇ ಹಕ್ಕಿ. ಅದು ಅಜ್ಜಿಯ ಮಗಳ ಗೂಡಿನಲ್ಲಿ ಬೆಳೆದ ಕೋಗಿಲೆ.

"ಅಜ್ಜೀ, ನಾನು ಬರಬಹುದೇ?" ಎಂದು ಅದು ದೂರದಿಂದಲೇ ಕೇಳಿತು.

"ನಮ್ಮ ಗೂಡಿನಲ್ಲಿ ಉಂಡು ಬೆಳೆದವಳು ನೀನು. ಬಾ, ಪಕ್ಕದಲ್ಲೇ ಕೂರು," ಎಂದಿತು ಅಜ್ಜಿ.

ಎರಡೂ ಸಂಜೆಯವರೆಗೆ ಸುಖದುಃಖ ಹೇಳಿಕೊಂಡವು. ಈ ಸುದ್ದಿ ಬಳಗಕ್ಕೆಲ್ಲ ಮುಟ್ಟಿತು.

ನಾಲ್ಕನೆಯ ವರ್ಷ ಬೆಳಕು ಹರಿಯುವ ಹೊತ್ತಿಗೆ ಅರವತ್ತು ಕಾಗೆಗಳೂ ಹಾಜರು. "ಇದು ನಮ್ಮ ಬಳಗದ ಕೂಟ! ಕೋಗಿಲೆಯನ್ನು ಕರೆದವರು ಯಾರು?" ಎಂದು ಒಂದೇ ದನಿಯಲ್ಲಿ ಕೂಗಿದವು. ಅಷ್ಟು ಒಗ್ಗಟ್ಟನ್ನು ಅಜ್ಜಿ ಹಿಂದೆಂದೂ ಕಂಡಿರಲಿಲ್ಲ.

ಆ ವರ್ಷವೂ ಬಂದು ಅಜ್ಜಿಯ ಪಕ್ಕ ಕೂತಿದ್ದ ಕೋಗಿಲೆ ನೊಂದು ಹಾರಿಹೋಗಲು ರೆಕ್ಕೆ ಬಿಚ್ಚಿತು. ಅಜ್ಜಿ ಅದನ್ನು ತಡೆದು ಮೆಲ್ಲಗೆ ಹೇಳಿತು: "ಬೇಸರ ಮಾಡಿಕೊಳ್ಳಬೇಡ ಮಗಳೇ. ಮುಂದಿನ ವರ್ಷವೂ ತಪ್ಪದೆ ಬಾ. ನೀನು ಬಾರದಿದ್ದರೆ ಇವರ್‍ಯಾರೂ ಬರುವುದಿಲ್ಲ."