ಕೈಗುಣದ ಯಜಮಾನ

ಒಂದೂರಂತೆ. ಊರಿಗೊಂದು ಕೆರೆಯಂತೆ, ಕೆರೆಗೊಂದು ತೂಬಂತೆ, ತೂಬಿನಿಂದ ಇಳಿದ ಕಾಲುವೆ ಊರ ಗದ್ದೆಗಳಿಗೆಲ್ಲ ನೀರುಣಿಸುತ್ತಿತ್ತಂತೆ. ಈ ಕಥೆಯನ್ನು ನಮ್ಮ ಕಡೆ ಬೇಕಾದಷ್ಟು ಜನ ಹೇಳುತ್ತಾರೆ, ಕೇಳುವವರು ಅರ್ಧಕ್ಕೇ ತೂಕಡಿಸುವ ಹಾಗೆ ಹೇಳುತ್ತಾರೆ. ನನ್ನ ಬಾಯಲ್ಲಿ ಕೇಳಿ.

ತೂಬಿನ ಬಾಯಿಗೇ ಅಂಟಿಕೊಂಡ ಗದ್ದೆ ಯಜಮಾನ ಪುಟ್ಟೀರಪ್ಪನದು. ಅವನಿಗಿಂತ ಮುಂಚೆ ಅವನಪ್ಪನದು, ಅದಕ್ಕೂ ಮುಂಚೆ ಅವನಜ್ಜನದು. ಆ ಗದ್ದೆ ತುಂಬಿ ಬದು ಮೀರಿದ ಮೇಲೆ ನೀರು ಮುಂದಿನ ಗದ್ದೆಗೆ, ಅದೂ ತುಂಬಿದ ಮೇಲೆ ಅದರ ಮುಂದಿನದಕ್ಕೆ. ಹೀಗೆ ಇಳಿದು ಇಳಿದು ಕಾಲುವೆಯ ಬಾಲಕ್ಕೆ ಬರುವಾಗ ಕಪ್ಪೆಯ ಕಾಲು ನೆನೆಯುವಷ್ಟೂ ಉಳಿಯುತ್ತಿರಲಿಲ್ಲವಂತೆ. ಆ ಬಾಲದಲ್ಲಿತ್ತು ದ್ಯಾವಮ್ಮ ಅನ್ನೋ ಒಂಟಿ ಹೆಂಗಸಿನ ತುಂಡು ಗದ್ದೆ.

ಪುಟ್ಟೀರಪ್ಪನ ಗದ್ದೆಯಲ್ಲಿ ವರ್ಷವರ್ಷವೂ ಎದೆಯೆತ್ತರದ ಭತ್ತ. ಬಾಲದವರ ಗದ್ದೆಯಲ್ಲಿ ಮಳೆ ಚೆನ್ನಾಗಿ ಬಂದ ವರ್ಷ ಬಿಟ್ಟರೆ ಬರೀ ಜಳ್ಳು. ಯಾಕೆ ಅಂತ ಕೇಳಿದ್ದರೆ ಎಮ್ಮೆ ಕೂಡ ಹೇಳುತ್ತಿತ್ತು. ಆದರೆ ಊರ ಹಿರಿಯರು ಎಮ್ಮೆಗಿಂತ ದೊಡ್ಡವರು ನೋಡಿ, ಕೂತು ಯೋಚನೆ ಮಾಡಿ, ಇದೆಲ್ಲ ಕೈಗುಣ ಅಂದರಂತೆ. ಪುಟ್ಟೀರಪ್ಪನ ಮನೆತನದ್ದು ಬೆಳೆಯೋ ಕೈ, ಬಾಲದವರದ್ದು ಒಣಗಿಸೋ ಕೈ. ಬಿತ್ತನೆಗೆ ಮುಂಚೆ ಊರಿನ ಬೀಜವೆಲ್ಲ ಪುಟ್ಟೀರಪ್ಪನ ಜಗಲಿಗೆ ಬರಬೇಕು, ಅವನು ಕೈಯಾಡಿಸಬೇಕು, ಆಡಿಸಿದ್ದಕ್ಕೆ ಮೊರದ ತುಂಬ ಕಾಳು ಇಸ್ಕೋಬೇಕು. ಬಾಲದವರು ಆ ಜಗಲಿಗಾಗಲಿ ಕಣಕ್ಕಾಗಲಿ ಕಾಲಿಡಬೇಕಾದರೆ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡೇ ಬರಬೇಕು, ರಾಶಿಗೆ ಅವರ ಬೆರಳು ತಾಕಬಾರದು. ಕಂಕುಳಲ್ಲಿರುವ ಕೂಸಿನ ಕೈಗೂ ಬಟ್ಟೆ. ಕೂಸು ಯಾರ ಗದ್ದೆ ಒಣಗಿಸಿತ್ತೋ ಕಾಣೆ. ಮೂರು ವರ್ಷ ಸಾಲಾಗಿ ಬೆಳೆ ಹೋದರೆ ಅಂಥವರ ಗದ್ದೆ ಒಳ್ಳೇ ಕೈಗೆ, ಅಂದರೆ ಪುಟ್ಟೀರಪ್ಪನ ಕೈಗೆ ಸೇರಬೇಕು.

ದ್ಯಾವಮ್ಮನಿಗೆ ಎರಡು ವರ್ಷ ಬೆಳೆ ಹೋಗಿತ್ತು. ಇನ್ನೊಂದು ಹೋದರೆ ಗದ್ದೆಯೂ ಇಲ್ಲ, ಊರೂ ಇಲ್ಲ.

ಆ ಸಲ ಬೀಜ ಮುಟ್ಟಿಸುವ ದಿನ ಸೀಮೆಯ ದೊರೆಯೇ ಊರಿಗೆ ಬಂದನಂತೆ. ಪುಟ್ಟೀರಪ್ಪ ದೊರೆಯ ಮುಂದೆ ಅಂಗೈ ಬಿಚ್ಚಿ ತೋರಿಸಿ, ಮಳೆ ಗಿಳೆ ಎಲ್ಲ ನೆಪ, ನಮ್ಮ ವಂಶದ ಈ ಕೈ ಬಂಡೆ ಮೇಲೆ ಊರಿದರೂ ತೆನೆ ಬರುತ್ತೆ ಅಂತ ಕೊಚ್ಚಿಕೊಂಡ. ಮತ್ತೆ ಆ ಬಟ್ಟೆ ಸುತ್ತಿಕೊಂಡವರು ಯಾರು ಅಂತ ದೊರೆ ಕೇಳಿದ್ದಕ್ಕೆ, ಅವರು ಮೈಗಳ್ಳರು, ಅವರ ಹುಟ್ಟೇ ಹಾಗೆ ಅಂದ.

ದ್ಯಾವಮ್ಮ ಬಟ್ಟೆ ಸುತ್ತಿದ ಕೈಯನ್ನೇ ಮುಗಿದುಕೊಂಡು ಪುಟ್ಟೀರಪ್ಪನ ಮುಂದೆ ಬಂದು ನಿಂತಳಂತೆ.

"ಗುಣ ಇರೋದು ಕೈಯಲ್ಲಿ ಅಂತೀರಿ ಬುದ್ಧಿ. ಕೈ ಏನು ಗದ್ದೆಗೆ ಅಂಟಿಕೊಂಡಿಲ್ವಲ್ಲ. ಈ ಒಂದು ಬೆಳೆ ನನ್ನ ಗದ್ದೆ ನೀವು ಮಾಡಿ, ನಿಮ್ಮದು ನಾನು ಮಾಡ್ತೀನಿ. ನನ್ನ ಕೈಗೆ ನಿಮ್ಮ ಗದ್ದೆಯೂ ಒಣಗಿದರೆ ನಾನೇ ಊರು ಬಿಡ್ತೀನಿ."

"ಒಣಗದೆ ಹೋದರೆ?" ಅಂದ ದೊರೆ.

"ನನ್ನ ಗದ್ದೆ ನನಗೇ ಇರಲಿ. ಈ ಬಟ್ಟೆ ಬಿಚ್ಚಿಸಿ."

ಪುಟ್ಟೀರಪ್ಪ ಬರೀ ಕಳ್ಳನಾಗಿದ್ದರೆ ಹೊಟ್ಟೆನೋವು ಅಂತ ಹೇಳಿ ಜಾರಿಕೊಳ್ಳುತ್ತಿದ್ದ. ಅವನು ಕಳ್ಳನಿಗಿಂತ ಕಡೆ, ತನ್ನ ಸುಳ್ಳನ್ನು ತಾನೇ ನಂಬಿದವನು. ಮೂರು ತಲೆಮಾರಿನಿಂದ ಹೊಗಳಿಸಿಕೊಂಡು ಅವನ ತಲೆ ಸೋರೆಬುರುಡೆ ಆಗಿತ್ತು. ಬೇಡ ಕಣ್ರೀ ಅಂತ ಹೆಂಡತಿ ಬಾಗಿಲ ಮರೆಯಿಂದ ಸನ್ನೆ ಮಾಡಿದಳಂತೆ. ಇವನು ಮೀಸೆ ತಿರುವಿ ಆಗಲಿ ಅಂದುಬಿಟ್ಟ.

ದ್ಯಾವಮ್ಮ ಏನು ಮಾಡಿದಳು? ಮಂತ್ರ ಹಾಕಿದಳಾ, ಮಾಟ ಮಾಡಿದಳಾ? ಏನೂ ಇಲ್ಲ. ಪುಟ್ಟೀರಪ್ಪ ಇಷ್ಟು ದಿನ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದಳು. ನಾಟಿ ಹಾಕಿ, ಬದು ಮೀರುವ ತನಕ ನೀರು ಕಟ್ಟಿಕೊಂಡು, ಮಿಕ್ಕಿದ್ದನ್ನು ಕೆಳಕ್ಕೆ ಬಿಟ್ಟಳು. ಬಾಲದಲ್ಲಿ ಪುಟ್ಟೀರಪ್ಪ ಬೆಳಿಗ್ಗೆ ಎದ್ದು ಪೈರಿನ ಮೇಲೆ ಕೈಯಾಡಿಸಿದ. ಸಂಜೆ ಬಂದು ಕೈಯಾಡಿಸಿದ. ಪೈರಿಗೆ ಕೈ ಬೇಕಿರಲಿಲ್ಲ. ತೆನೆ ಕಟ್ಟುವ ಹೊತ್ತಿಗೆ ನೆಲ ಬಾಯಿಬಿಟ್ಟು, ಗರಿ ಸುಟ್ಟು, ಅವನ ಮೀಸೆಯೂ ಇಳಿಯಿತಂತೆ. ಕೊನೆಗೆ ತಡೆಯಲಾರದೆ ತೂಬಿನ ಹತ್ತಿರ ಬಂದು, ಇಷ್ಟು ದಿನ ದ್ಯಾವಿ ಅನ್ನುತ್ತಿದ್ದವನು ರಾಗ ಬದಲಾಯಿಸಿದ.

"ದ್ಯಾವಮ್ಮ, ನಮ್ಮವ್ವ, ಒಂಚೂರು ನೀರು ಬಿಡವ್ವ."

ದ್ಯಾವಮ್ಮ ಕಳೆ ಕೀಳುವುದನ್ನು ನಿಲ್ಲಿಸದೆ ಹೇಳಿದಳಂತೆ, "ನೀರ್ಯಾಕೆ ಬುದ್ಧಿ? ಕೈ ಐತಲ್ಲ."

ಕೊಯ್ಲಿಗೆ ದೊರೆ ಮತ್ತೆ ಬಂದ. ದ್ಯಾವಮ್ಮನ ಭತ್ತ ತೆನೆಯ ಭಾರಕ್ಕೆ ನೆಲಕ್ಕೆ ಬಾಗಿತ್ತು. ಪುಟ್ಟೀರಪ್ಪ ಒಂದು ಹಿಡಿ ಜಳ್ಳು ಹಿಡಿದು ನಿಂತಿದ್ದ. ನಿನ್ನ ಕೈಗೇನಾಯಿತು ಅಂತ ದೊರೆ ಕೇಳಿದ. ಮಣ್ಣು ಸರಿಯಿಲ್ಲ ಅಂದ. ಬಿಸಿಲು ಜಾಸ್ತಿ ಅಂದ. ಯಾರದೋ ಕಣ್ಣು ಬಿತ್ತು ಅಂದ. ಯಾವುದಕ್ಕೂ ದೊರೆಯ ಹುಬ್ಬು ಇಳಿಯದ್ದು ನೋಡಿ ಒದರಿಬಿಟ್ಟನಂತೆ, "ನೀರೇ ಇಲ್ಲದಿದ್ದರೆ ಯಾವ ಕೈ ಏನು ಮಾಡುತ್ತೆ ದೊರೆ?"

ಕಣದಲ್ಲಿ ಬಟ್ಟೆ ಸುತ್ತಿದ ಕೈಗಳ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರಂತೆ. ಹಿರಿಯರು, ನಾವು ಇದನ್ನೇ ಮೊದಲಿಂದ ಹೇಳ್ತಿದ್ವಿ ಅಂದರಂತೆ. ಅಂಥವರು ಎಲ್ಲ ಊರಲ್ಲೂ ಇರುತ್ತಾರೆ, ನಾಚಿಕೆ ಇರೋದಿಲ್ಲ.

ದೊರೆ ತೀರ್ಪು ಕೊಟ್ಟ. ದ್ಯಾವಮ್ಮನ ಗದ್ದೆ ದ್ಯಾವಮ್ಮನಿಗೇ, ಯಾರ ಕೈಗೂ ಇನ್ನು ಬಟ್ಟೆ ಇಲ್ಲ, ಒಂದು ವರ್ಷ ಕಾಲುವೆಯ ತಲೆಯವರಿಗೆ ಮೊದಲ ನೀರಾದರೆ ಮರುವರ್ಷ ಬಾಲದವರಿಗೆ ಮೊದಲ ನೀರು. ಜನ ಜೈ ಅಂದರು. ದೊರೆಗೆ ತಾನು ಭಾರೀ ನ್ಯಾಯವಂತ ಅನ್ನಿಸಿ, ಇನ್ನೇನಾದರೂ ಕೇಳೋದಿದೆಯಾ ಅಂದನಂತೆ.

"ಒಂದೇ ಮಾತು ದೊರೆ," ಅಂದಳಂತೆ ದ್ಯಾವಮ್ಮ. "ನಿಮ್ಮ ಅರಮನೆ ಗದ್ದೆ ಕಾಲುವೆಯ ಯಾವ ಕಡೆ ಬರುತ್ತೆ?"

ಅರಮನೆ ಗದ್ದೆ ತೂಬಿಗೂ ಮೇಲೆ, ಕೆರೆಯ ಮಡಿಲಲ್ಲೇ ಇತ್ತು. ದೊರೆಗೆ ತಟ್ಟನೆ ಏನೋ ಕೆಲಸ ನೆನಪಾಗಿ ಕುದುರೆ ಹತ್ತಿದನಂತೆ.

ದ್ಯಾವಮ್ಮ ಕೈಬಟ್ಟೆ ಬಿಚ್ಚಿ ತನ್ನ ಗದ್ದೆಯ ಬೆದರುಬೊಂಬೆಗೆ ಸುತ್ತಿದಳು. ಪುಟ್ಟೀರಪ್ಪನಿಗಿಂತ ಅದೇ ಚೆನ್ನಾಗಿ ಗದ್ದೆ ಕಾಯಿತಂತೆ.

ಅವರ ಪೈರು ಅಲ್ಲಿ ಹಸಿರಾಗಿರಲಿ, ನನ್ನ ಗಂಟಲು ಇಲ್ಲಿ ಒಣಗಿತು. ಯಾರಾದರೂ ಒಂದು ಚೊಂಬು ನೀರು ತನ್ನಿ. ನನಗೆ ಆಮೇಲೆ ಸಾಕು, ಹಿಂದೆ ಕೂತವರಿಗೆ ಮೊದಲು ಕೊಡಿ.